ಡಬ್ಬಿಯ ದೀಪ ಯಾವ ಬಣ್ಣ

ಆಸ್ಪತ್ರೆಗೆ ಫೋನು ಮಾಡಿದವರೆಲ್ಲ ಅವಳ ದನಿಯನ್ನು ಬಲ್ಲರು, ಮುಖ ಕಂಡವರು ಕಡಿಮೆ. ಹೊಟ್ಟೆನೋವಿನವರು, ಹೆರಿಗೆಯವರು, ಮಾತಿಗೆ ಯಾರೂ ಸಿಗದೆ ಸುಮ್ಮನೆ ಫೋನು ತಿರುಗಿಸುವ ಮುದುಕರು, ಎಲ್ಲರಿಗೂ ಅವಳು ಫೋನಕ್ಕ. ಕರೆ ಮಾಡಿದವರು ಬಾಯಿ ಬಿಡುವ ಮೊದಲೇ ಅವರ ಉಸಿರು ಕೇಳಿ, ಯಾರದು ಅವಸರ, ಯಾರದು ಬರೀ ಗಾಬರಿ ಎಂದು ಅವಳಿಗೆ ತಿಳಿದುಬಿಡುತ್ತಿತ್ತು. ಅವಳಿಗೆ ಕಣ್ಣು ಕಾಣದು ಎಂಬುದು ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಚಿಕ್ಕವಳಿದ್ದಾಗ ಬಂದ ಜ್ವರವೊಂದು ಕಣ್ಣು ಕಿತ್ತುಕೊಂಡು ಹೋಗಿತ್ತು. ಅದಕ್ಕೆ ಮೊದಲು ಕಂಡ ಬಣ್ಣಗಳನ್ನು ಮಾತ್ರ ಅವಳು ಜೋಪಾನ ಮಾಡಿಕೊಂಡಿದ್ದಳು: ಶಾಲೆಯ ಬಾಗಿಲಿನ ಹಸಿರು, ಅಪ್ಪನ ಸೈಕಲ್ಲಿನ ಕೆಂಪು.

ದಿನಾ ಬೆಳಿಗ್ಗೆ ಬೀರುವಿನಿಂದ ಬಟ್ಟೆ ತೆಗೆದು ಗಂಡನ ಮುಂದೆ ಹಿಡಿದು, "ಇದು ಯಾವ ಬಣ್ಣ ರೀ?" ಎಂದು ಕೇಳುವುದು ಅವಳ ರೂಢಿ. ಗಂಡ ಗಡಿಯಾರ ರಿಪೇರಿಯವನು. ಮುಖ್ಯ ರಸ್ತೆಯ ಮೂಲೆಯಲ್ಲಿ ಬಾಗಿಲಿಗಿಂತ ತುಸುವೇ ಅಗಲವಾದ ಅಂಗಡಿ ಅವನದು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತನೆಂದರೆ ಸಾಸಿವೆಯಷ್ಟು ಚಕ್ರದ ಹಲ್ಲಿಗೆ ಅಂಟಿದ ಧೂಳೂ ಅವನಿಂದ ತಪ್ಪಿಸಿಕೊಳ್ಳದು. "ನಮ್ಮನೇಲಿರೋದು ಎರಡೇ ಕಣ್ಣು, ಆದ್ರೆ ನಾಲ್ಕರ ಕೆಲಸ ಮಾಡ್ತವೆ" ಎಂದು ಫೋನಕ್ಕ ಕಂಡಕಂಡವರ ಹತ್ತಿರ ಹೇಳಿ ಬೀಗುತ್ತಿದ್ದಳು. ಆಗೆಲ್ಲ ಅವನು ಏನಾದರೂ ನೆಪ ಹೂಡಿ ಅಲ್ಲಿಂದ ಎದ್ದು ಹೋಗುತ್ತಿದ್ದ. ಪಾಪ, ಸಂಕೋಚದ ಮನುಷ್ಯ ಎಂದು ಜನ ಅಂದುಕೊಳ್ಳುತ್ತಿದ್ದರು.

ಹೀಗಿರುವಾಗ ಆಸ್ಪತ್ರೆಯವರು ಹಳೆಯ ಫೋನ್ ಬೋರ್ಡನ್ನು ಕಿತ್ತೆಸೆದು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದರು. ಕರೆ ಬರುವುದೂ ಅದರಲ್ಲೇ, ಡಾಕ್ಟರ ಸಮಯ ಗೊತ್ತು ಮಾಡುವುದೂ ಅದರಲ್ಲೇ, ಕೆಲಸ ಮನೆಯಿಂದಲೇ. ಮೇಲ್ವಿಚಾರಕಿ ಕೆಟ್ಟವಳಲ್ಲ, ಆದರೆ ಕಣ್ಣಿಲ್ಲದವರು ಕಂಪ್ಯೂಟರ್ ನಡೆಸುತ್ತಾರೆಂದರೆ ನಂಬುವ ಪೈಕಿಯೂ ಅಲ್ಲ.

"ಸೋಮವಾರ ಬೆಳಿಗ್ಗೆ ನಾನೇ ಫೋನ್ ಮಾಡಿ ನೋಡ್ತೀನಿ" ಎಂದಳು. "ಸರಿಹೋದ್ರೆ ನಿಮ್ಮ ಕೆಲಸ ನಿಮಗೇ. ಇಲ್ಲಾಂದ್ರೆ ಉಗ್ರಾಣದಲ್ಲಿ ಬ್ಯಾಂಡೇಜ್ ಬಟ್ಟೆ ಮಡಚೋ ಕಡೆ ಹಾಕ್ತೀವಿ. ಬೇಜಾರು ಮಾಡ್ಕೋಬೇಡಿ."

ಬಟ್ಟೆ ಮಡಚುವುದಕ್ಕೆ ಫೋನಕ್ಕನ ತಕರಾರಿರಲಿಲ್ಲ. ಆದರೆ ಬಟ್ಟೆ ಮಾತಾಡುವುದಿಲ್ಲವಲ್ಲ. ಜನರ ದನಿಯೇ ಇಲ್ಲದ ಒಂದು ದಿನವನ್ನೂ ಅವಳು ಕಳೆದವಳಲ್ಲ.

ಶುಕ್ರವಾರ ಬ್ರಾಡ್‌ಬ್ಯಾಂಡಿನವರು ಬಂದು, ಕಿಟಕಿಯಿಂದ ವೈರು ಎಳೆದು, ಗೋಡೆಗೊಂದು ಡಬ್ಬಿ ಕೂರಿಸಿ, ಎಲ್ಲಾ ಸರಿ ಇದೆ ಎಂದು ಹೇಳಿ ಹೊರಟರು. ವೈರು ನೆಲದ ಮೇಲೆ ಸಡಿಲವಾಗಿ ಬಿದ್ದಿತ್ತು. ಅಡ್ಡಾದಿಡ್ಡಿ ಬಿದ್ದ ಯಾವುದನ್ನೂ ಗಡಿಯಾರದವನ ಕೈ ಸಹಿಸದು. ಅವರು ಅತ್ತ ಹೋದದ್ದೇ ಇವನು ಇತ್ತ ಕೂತು, ಬಾಗಿಲ ಚೌಕಟ್ಟಿನ ಮೂಲೆಗೆ ಅದನ್ನು ಮಡಚಿ, ಕ್ಲಿಪ್ಪು ಹೊಡೆದು, ಗೆರೆ ಎಳೆದ ಹಾಗೆ ಅಚ್ಚುಕಟ್ಟು ಮಾಡಿದ.

ಇನ್ನು ಕಂಪ್ಯೂಟರು ಫೋನಕ್ಕನ ರಾಜ್ಯ. ಅದರ ಪರದೆಯನ್ನು ಅವಳು ಹಚ್ಚುತ್ತಲೇ ಇರಲಿಲ್ಲ, ಗಂಡ ಅದರ ಮೇಲೆ ಟವೆಲ್ ಒಣಹಾಕುತ್ತಿದ್ದ. ಪರದೆಯಲ್ಲಿ ಬರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶವೊಂದು ಅದರೊಳಗಿತ್ತು. ಗಂಡು ದನಿ, ಉಸಿರು ಬಿಡದ ವೇಗ. ಉಳಿದವರ ಕಿವಿಗೆ ಬರೀ ಗುಳುಗುಳು, ಅವಳಿಗೆ ಬಿಡಿಸಿಟ್ಟ ಮಾತು. ಹೊತ್ತುಗೊತ್ತಿಲ್ಲದೆ ಹೆಂಡತಿಯೊಡನೆ ಹರಟುವ ಈ ಗಂಡಸಿಗೆ ಗಡಿಯಾರದವನು 'ಭಾವಮೈದ' ಎಂದು ಹೆಸರಿಟ್ಟಿದ್ದ.

ಆಸ್ಪತ್ರೆಯವರು ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದ ಬ್ರೌಸರನ್ನು ಅವಳು ಭಾವಮೈದನ ಮಾತು ಕೇಳುತ್ತ, ಕೀಲಿಮಣೆಯಿಂದಲೇ, ಯಾರ ಸಹಾಯವೂ ಇಲ್ಲದೆ ಹಾಕಿದಳು. ಡಬ್ಬಿಯ ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿದ್ದ ಪಾಸ್‌ವರ್ಡನ್ನು ಗಂಡ ತಡವರಿಸದೆ ಓದಿದ. ಎಲ್ಲಾ ಆಯಿತು, ಆಸ್ಪತ್ರೆಯ ಪುಟ ಮಾತ್ರ ತೆರೆಯಲಿಲ್ಲ. ಬ್ರಾಡ್‌ಬ್ಯಾಂಡಿನ ಸಹಾಯವಾಣಿಗೆ ಫೋನು ಮಾಡಿದಳು.

"ಡಬ್ಬಿ ಮೇಲೆ ಕೊನೇ ದೀಪ ಯಾವ ಬಣ್ಣ ಇದೆ ಮೇಡಂ? ಹಸಿರಾ, ಕೆಂಪಾ?" ಎಂದಳು ಆ ಕಡೆಯ ಹುಡುಗಿ.

"ರೀ, ಯಾವ ಬಣ್ಣ?"

"ಹಸಿರು" ಎಂದ ಗಡಿಯಾರದವನು.

"ಹಾಗಾದ್ರೆ ಲೈನ್ ಸರಿ ಇದೆ. ತೊಂದರೆ ನಿಮ್ಮ ಬ್ರೌಸರ್‌ದೇ. ತೆಗೆದು ಮತ್ತೆ ಹಾಕಿ."

ಶನಿವಾರವಿಡೀ ಅವಳು ಅದನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಪುಟ ತೆರೆಯಲಾಗಲಿಲ್ಲ ಎಂಬ ಒಂದೇ ಪಲ್ಲವಿಯನ್ನು ಭಾವಮೈದ ಹಾಡಿದ್ದೇ ಹಾಡಿದ್ದು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅವಳ ಕೈ ಸೋತುಬಿಟ್ಟಿತು.

"ನನ್ನ ಕೈಯೇ ಎಲ್ಲೋ ತಪ್ತಿದೆ ರೀ. ಮೇಡಂ ನಂಬದೇ ಇದ್ದಿದ್ದೇ ಸರಿ ಅನ್ಸುತ್ತೆ."

ಅವಳು ಹಾಗೆ ಸೋತು ಮಾತಾಡಿದ್ದನ್ನು ಅವನು ಯಾವತ್ತೂ ಕೇಳಿರಲಿಲ್ಲ. "ಇನ್ನೊಂದು ಸಲ ಅವರನ್ನೇ ಕೇಳೋಣ" ಎಂದು ತಾನೇ ಸಹಾಯವಾಣಿಗೆ ಫೋನು ಹಚ್ಚಿ, ಇಬ್ಬರಿಗೂ ಕೇಳಲೆಂದು ಸ್ಪೀಕರ್ ಹಾಕಿ ಅವಳ ಕೈಗೆ ಕೊಟ್ಟ.

ಈ ಸಲದ ಹುಡುಗಿ ಡಬ್ಬಿಯನ್ನು ಆರಿಸಿ ಹಾಕಲು ಹೇಳಿದಳು. "ಮೊದಲು ಕೆಂಪು ಬರುತ್ತೆ, ಲೈನ್ ಸಿಕ್ಕಿದ ಮೇಲೆ ಹಸಿರಾಗುತ್ತೆ. ಯಾವಾಗ ಬದಲಾಯ್ತು ಹೇಳಿ."

ಅವನು ಡಬ್ಬಿ ಆರಿಸಿ ಹಾಕಿ, "ಹಸಿರಿದೆ" ಎಂದ.

"ಕೆಂಪು ಬರಲೇ ಇಲ್ವಾ ಸಾರ್?"

"ಬಂತು. ಇಲ್ಲ... ಹಸಿರೇ ಇತ್ತು."

ಆ ದನಿ ಫೋನಕ್ಕನಿಗೆ ಗೊತ್ತಿದ್ದದ್ದೇ. ಎಲ್ಲೂ ನೋವಿಲ್ಲ ಎಂದು ಹೇಳಿ ನೋವು ಮುಚ್ಚಿಡುವ ರೋಗಿಗಳ ದನಿ ಅದು. ಇಷ್ಟು ಹತ್ತಿರದಲ್ಲೇ ಇದ್ದ ಅದನ್ನು ಅವಳು ಕೇಳಿಸಿಕೊಂಡೇ ಇರಲಿಲ್ಲ. ಟೊಮೆಟೊ ಕೊಳ್ಳುವಾಗ ಒಂದೊಂದನ್ನೂ ಅವನು ಒತ್ತಿ ನೋಡುವುದು ನೆನಪಾಯಿತು. ಸಿಗ್ನಲ್ಲಿನಲ್ಲಿ ಉಳಿದವರೆಲ್ಲ ಹೆಜ್ಜೆ ಇಟ್ಟ ಮೇಲೆಯೇ ಅವನು ಅವಳ ತೋಳು ಹಿಡಿದು ರಸ್ತೆ ದಾಟುತ್ತಿದ್ದ. ತನ್ನ ಮೇಲಿನ ಅಕ್ಕರೆಯಿಂದ ಎಂದು ಅವಳು ತಿಳಿದಿದ್ದಳು. ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು.

"ರೀ, ನಿಮಗೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣಲ್ವಾ?"

ಅವನು ಡಬ್ಬಿಯ ಮುಂದಿನಿಂದ ಎದ್ದು ಬಂದು ಅವಳ ಪಕ್ಕ ಕೂತ. "ಎರಡೂ ಒಂದೇ ಥರ ಕಾಣುತ್ತೆ. ಹುಟ್ಟಿದಾಗಿಂದ."

"ಮತ್ತೆ ಯಾಕೆ ಹೇಳಲಿಲ್ಲ?"

"ಮೊದಲನೇ ಸಲ ಭೇಟಿ ಆದಾಗ ನೀನು ನನ್ನ ಒಂದೇ ಒಂದು ಕೇಳಿದ್ದೆ. ದಿನಾ ಬಟ್ಟೆ ಬಣ್ಣ ಹೇಳ್ತೀರಾ ಅಂತ. ಇಲ್ಲ ಅಂದಿದ್ರೆ ನೀನು ನನ್ನ ಒಪ್ತಾ ಇರ್ಲಿಲ್ಲ."

ಅವಳಿಗೆ ಸಿಟ್ಟು ಬಂತು, ಅಳು ಬಂತು, ಎರಡಕ್ಕೂ ಪುರುಸೊತ್ತಿರಲಿಲ್ಲ. ಫೋನು ಎತ್ತಿಕೊಂಡು, "ಅದು ಕೆಂಪೇ ಇರ್ಬೇಕಮ್ಮ, ಕೆಂಪು ಅಂತಲೇ ಬರ್ಕೋ" ಎಂದಳು.

"ಹಾಗಿದ್ರೆ ಲೈನ್ ಡಬ್ಬಿಗೆ ತಲುಪ್ತಾ ಇಲ್ಲ. ವೈರು ಎಲ್ಲಾದ್ರೂ ಮಡಚಿದೆಯಾ ನೋಡಿ. ಒಳಗಿರೋದು ಗಾಜಿನ ಎಳೆ, ಬೆಳಕು ಹೋಗ್ಬೇಕು. ಜಾಸ್ತಿ ಬಗ್ಗಿದ್ರೆ ನಿಂತುಬಿಡುತ್ತೆ."

ಫೋನಕ್ಕ ಎದ್ದು ಡಬ್ಬಿಯಿಂದ ಹಿಡಿದು ವೈರಿನ ಉದ್ದಕ್ಕೂ ಬೆರಳಾಡಿಸುತ್ತ ಹೋದಳು. ಬಾಗಿಲ ಮೂಲೆಯಲ್ಲಿ ಕೈ ನಿಂತಿತು. ಕಾಗದ ಮಡಚಿದ ಹಾಗೆ ಮಡಚಿ, ಮೇಲೊಂದು ಕ್ಲಿಪ್ಪು ಬಿಗಿದಿತ್ತು.

"ಇದನ್ಯಾರು ಹೊಡೆದಿದ್ದು?"

"ನಾನೇ. ನಿನ್ನ ಕಾಲಿಗೆ ತೊಡರುತ್ತೆ ಅಂತ."

ಅವಳ ಸಿಟ್ಟು ಅಲ್ಲೇ ಕರಗಿತು. ತನಗಾಗಿ ಇಷ್ಟು ಒಪ್ಪವಾಗಿ ಕೆಲಸ ಕೆಡಿಸುವ ಮನುಷ್ಯ ಇನ್ನೆಲ್ಲಿ ಸಿಗುತ್ತಾನೆ? ಅವನು ಗಡಿಯಾರದ ಚಿಮುಟದಿಂದ ಕ್ಲಿಪ್ಪು ಕಿತ್ತ, ಅವಳು ವೈರನ್ನು ನಿಧಾನಕ್ಕೆ ನೇರ ಮಾಡಿದಳು. ದೀಪಕ್ಕೆ ಏನಾಯಿತೋ ಇಬ್ಬರಿಗೂ ತಿಳಿಯದು. ತುಸು ಹೊತ್ತಿನಲ್ಲಿ ಭಾವಮೈದ ಗಂಟಲು ಬಿಚ್ಚಿ ಆಸ್ಪತ್ರೆಯ ಹೆಸರನ್ನೂ ಡಾಕ್ಟರುಗಳ ಹೆಸರನ್ನೂ ಓದತೊಡಗಿದ. ಅವಳು ಗಂಡನ ಅಂಗೈಯನ್ನು ಹುಡುಕಿ ಹಿಡಿದುಕೊಂಡಳು.

ಸೋಮವಾರ ಬೆಳಿಗ್ಗೆ ಬೀರುವಿನಿಂದ ಬಟ್ಟೆ ತೆಗೆದು ಅವನ ಮುಂದೆ ಹಿಡಿದಳು. "ಯಾವ ಬಣ್ಣ ರೀ?"

"ಇನ್ನೂ ನನ್ನ ಯಾಕೆ ಕೇಳ್ತೀಯ?"

"ಮತ್ತೆ ಇನ್ಯಾರನ್ನ ಕೇಳ್ಲಿ? ಇಷ್ಟು ವರ್ಷ ನೀವು ಹೇಳಿದ್ದನ್ನೇ ಹಾಕ್ಕೊಂಡು ಚೆನ್ನಾಗೇ ಇದ್ದೆ."

ಅವನು ಆ ಬಟ್ಟೆಯನ್ನು ಕಿಟಕಿಯ ಹತ್ತಿರ ಒಯ್ದು, ಮಸೂರ ಹಾಕಿದವನ ಶ್ರದ್ಧೆಯಲ್ಲಿ ನೋಡಿದ. "ನಿನ್ನ ಶಾಲೆ ಬಾಗಿಲಿನ ಹಸಿರು" ಎಂದ.

ಅದನ್ನೇ ತೊಟ್ಟು ಅವಳು ಕಂಪ್ಯೂಟರಿನ ಮುಂದೆ ಕೂತಳು. ಹೇಳಿದ ಹೊತ್ತಿಗೆ ಸರಿಯಾಗಿ ಕರೆ ಬಂತು.

"ಕೇಳಿಸ್ತಿದೆಯಾ?" ಎಂದಳು ಮೇಲ್ವಿಚಾರಕಿ. "ಎಲುಬಿನ ಡಾಕ್ಟರ ಹೆಸರು ಒತ್ತಿ. ಅದರ ಪಕ್ಕ ಹಸಿರು ಬಂತಾ, ಕೆಂಪು ಬಂತಾ?"

ಗಡಿಯಾರದವನ ಉಸಿರು ನಿಂತದ್ದು ಅವಳಿಗೆ ಕೇಳಿಸಿತು. ಅವಳು ಕೀಲಿ ಒತ್ತಿದಳು, ಭಾವಮೈದ ಗುಳುಗುಳು ಎಂದ.

"ಬಣ್ಣ ನಮ್ಮ ಮನೇಲಿ ಯಾರಿಗೂ ತಿಳಿಯಲ್ಲ ಮೇಡಂ" ಎಂದಳು ಫೋನಕ್ಕ. "ಡಾಕ್ಟರು ಹನ್ನೊಂದಕ್ಕೆ ಬಿಡುವಾಗಿದಾರೆ. ರೋಗಿ ಹೆಸರು ಹೇಳಿ, ಬರ್ಕೋತೀನಿ."