ಒಲೆಗೆ ಹಾಕಿದ ಗುಳಿಗೆ

ನನ್ನ ಬಿಪಿ ಎಂಟು ತಿಂಗಳು ಇಳಿಯಲಿಲ್ಲ. ಇಳಿಯದ ಹಾಗೆ ನೋಡಿಕೊಂಡವಳು ನಾನೇ.

ನಮ್ಮ ಊರು ಬೇವೂರಿನ ಹತ್ತಿರ. ಗಂಡ ಸತ್ತು ಬಹಳ ವರ್ಷವಾಯಿತು, ಮಕ್ಕಳಾಗಲಿಲ್ಲ. ಬೀಜದ ಹೊಲಗಳಲ್ಲಿ ಟೊಮೆಟೊ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ ಕ್ರಾಸ್ ಮಾಡುವ ಕೆಲಸಕ್ಕೆ ಹೋಗುತ್ತಿದ್ದೆ. ಕಣ್ಣು ಮಂಜಾದ ಮೇಲೆ ಯಾರೂ ಕರೆಯಲಿಲ್ಲ. ಬೆಳಿಗ್ಗೆ ಓಣಿಯವರೆಲ್ಲ ಟಂಟಂ ಗಾಡಿ ಹತ್ತಿ ಹೊಲದ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಉಳಿಯುವುದು ನಾನು ಮತ್ತು ಒಂದು ನಾಯಿ. ನಾಯಿಯೂ ನನ್ನದಲ್ಲ.

ಆ ವರ್ಷ ಕೊಪ್ಪಳದಿಂದ ಒಬ್ಬ ಹುಡುಗಿ ಬಂದಳು. ಆಶಾ ಕಾರ್ಯಕರ್ತೆಯೇ ಮನೆಗೆ ಗುಳಿಗೆ ತಂದುಕೊಟ್ಟರೆ ಜನರ ಬಿಪಿ ಇಳಿಯುತ್ತದೋ ಇಲ್ಲವೋ ಎಂದು ನೋಡುವ ಸಂಶೋಧನೆಯಂತೆ. ನಮ್ಮೂರಿನ ಆಶಾ ತಿಂಗಳ ಮೊದಲಿಗೆ ಗುಳಿಗೆ ಕೊಟ್ಟು ಹೋಗುವಳು. ತಿಂಗಳ ಕೊನೆಗೆ ಈ ಹುಡುಗಿ ಬಂದು ಬಿಪಿ ನೋಡಿ ಬರೆದುಕೊಳ್ಳುವಳು.

ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂಡಬೇಕು ಎಂಬ ನಿಯಮವಿತ್ತು. ಹುಡುಗಿಯೂ ನನ್ನ ಪಕ್ಕದಲ್ಲಿ ಹೊರಸಿನ ಮೇಲೆ ಸುಮ್ಮನೆ ಕೂಡುತ್ತಿದ್ದಳು. ಆಮೇಲೆ ತೋಳು ಹಿಡಿದು ಪಟ್ಟಿ ಸುತ್ತಿ, ಪ್ರಶ್ನೆ ಕೇಳುವಳು. ಉಪ್ಪು ಎಷ್ಟು ತಿನ್ನುತ್ತೀರಿ, ನಿದ್ದೆ ಬರುತ್ತದೆಯೇ. ಪ್ರತಿ ತಿಂಗಳು ಅವೇ ಪ್ರಶ್ನೆ. ನಾನು ಉತ್ತರ ಉದ್ದ ಮಾಡಿ ಹೇಳುತ್ತಿದ್ದೆ. ಉಪ್ಪು ಅಂದರೆ ಅತ್ತೆಯ ಉಪ್ಪಿನಕಾಯಿಯಿಂದ ಶುರು ಮಾಡುತ್ತಿದ್ದೆ.

ಎರಡನೇ ತಿಂಗಳು ಆಕೆ ನಗುತ್ತ ಹೇಳಿದಳು: “ಅಜ್ಜಿ, ಸ್ವಲ್ಪ ಇಳದೈತ್ರಿ. ಪೂರಾ ಕಂಟ್ರೋಲಿಗೆ ಬಂತಂದ್ರ ನಾ ತಿಂಗಳಾ ಬರೂದಿಲ್ಲ. ಆರು ತಿಂಗಳಿಗೊಮ್ಮೆ ನೋಡಿದ್ರ ಸಾಕು.”

ಅಂದಿನಿಂದ ಗುಳಿಗೆಗಳನ್ನು ಒಲೆಗೆ ಹಾಕಿದೆ. ತಲೆ ಸುತ್ತುತ್ತಿತ್ತು, ಗೋಡೆ ಹಿಡಿದು ನಡೆದೆ. ಆಶಾ ತಮಾಷೆ ಮಾಡುವಳು: “ದೊಡ್ಡವ್ವ, ನಿನ್ನ ಬಿಪಿ ನಿನ್ನ ದನಿ ಹಂಗ ಐತಿ. ಕೆಳಗ ಇಳಿಯೂದ ಗೊತ್ತಿಲ್ಲ ಅದಕ್ಕ.”

“ನಿಂದೇನು ಸಣ್ಣ ದನಿ ಐತೇನು, ಹೋಗ,” ಎನ್ನುತ್ತಿದ್ದೆ.

ಗುಳಿಗೆ ಕೊಟ್ಟರೂ ನನ್ನ ಬಿಪಿ ಯಾಕೆ ಇಳಿದಿಲ್ಲ ಎಂದು ವಿಚಾರಿಸಲು ಒಂದು ದಿನ ಹುಡುಗಿಯ ಜೊತೆ ಅವಳ ಮೇಲಿನ ಸಾಹೇಬ ಬಂದ. ಆಶಾಳನ್ನೂ ಕರೆಸಿ ಬಾಗಿಲಲ್ಲಿ ನಿಲ್ಲಿಸಿದ.

“ಖರೇ ಹೇಳ್ರಿ ಅಮ್ಮ. ಈಕಿ ಗುಳಿಗಿ ತಂದು ಕೊಡ್ತಾಳೋ, ಬರೇ ಪುಸ್ತಕದಾಗ ಬರಕೋತಾಳೋ? ಸುಳ್ಳು ಬರದಿದ್ರ ಕೆಲಸದಿಂದ ತಗೀಬೇಕಾಗ್ತೈತಿ.”

ನಾನು ತಕ್ಷಣ ನಿಜ ಒಪ್ಪಿಕೊಳ್ಳಲಿಲ್ಲ. ಅದನ್ನೂ ಹೇಳಬೇಕು. ನೀರು ಕುಡಿದು ಬರುತ್ತೇನೆ ಎಂದು ಒಳಗೆ ಹೋಗಿ ನಿಂತೆ. ಸುಮ್ಮನಿದ್ದರೆ ಆಶಾಳ ಕೆಲಸ ಹೋಗುತ್ತದೆ, ನಿಜ ಹೇಳಿದರೆ ಹುಡುಗಿ ಬರುವುದು ನಿಲ್ಲುತ್ತದೆ. ಆಮೇಲೆ ಹೊರಗೆ ಬಂದೆ.

“ಆಕಿ ತಪ್ಪದಂಗ ಕೊಟ್ಟಾಳ್ರಿ. ಒಲಿಗೆ ಹಾಕಿದಾಕಿ ನಾನು.”

“ಯಾಕ?”

“ಬಿಪಿ ಇಳಿದ್ರ ಈ ಹುಡುಗಿ ಬರೂದಿಲ್ಲ.”

ಸಾಹೇಬ ಪೆನ್ನು ಕೆಳಗಿಟ್ಟ. ಹುಡುಗಿ ತನ್ನ ಹಾಳೆಗಳನ್ನು ತಿರುವಿ ನೋಡಿದಳು. “ಅಜ್ಜಿ, ನಾ ಬರದಿದ್ದೆಲ್ಲಾ ಸುಳ್ಳಾತಲ್ರಿ. ಬಸ್ಸಿನ್ಯಾಗ ನಿಂತ್ಕೊಂಡು ಬರ್ತಿದ್ದೆ,” ಎಂದಳು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಆಕೆ ಬೈಯಲಿಲ್ಲ.

ಅವರು ಹೋದ ಮೇಲೆ ಆಶಾ ಅಲ್ಲೇ ನಿಂತಿದ್ದಳು. “ನಾನೂ ತಿಂಗಳಾ ಬರ್ತಿದ್ನಲ್ಲ ದೊಡ್ಡವ್ವ.”

“ನೀ ಕೂಡ್ತಿದ್ದಿಲ್ಲ.”

“ಇನ್ನೂರು ಮನಿ ಅದಾವ ನನಗ. ಎಲ್ಲೆಲ್ಲಿ ಕೂಡ್ಲಿ?”

ಅದೂ ಖರೆ. ಮರುದಿನದಿಂದ ಒಂದು ವಾರ ಬಾಗಿಲಲ್ಲೇ ನಿಂತು ಗುಳಿಗೆ ನುಂಗಿಸಿ ಹೋದಳು. ಆಮೇಲೆ ನಾನೇ ನುಂಗಿದೆ.

ಎರಡು ತಿಂಗಳಿಗೆ ಬಿಪಿ ಇಳಿಯಿತು. “ಛಲೋ ಆತ್ರಿ ಅಜ್ಜಿ, ಇನ್ನ ಆರು ತಿಂಗಳಿಗೆ ಬರ್ತೀನಿ,” ಎಂದು ಹುಡುಗಿ ಹೋದಳು. ಆರು ತಿಂಗಳು ಕಳೆದವು, ಬರಲಿಲ್ಲ. ಗಂಗಾವತಿಯಲ್ಲಿ ಬೇರೆ ಕೆಲಸ ಸಿಕ್ಕಿದೆ ಎಂದು ಆಶಾ ಹೇಳಿದಳು. ಸಂಶೋಧನೆ ಮುಗಿಯಿತಂತೆ. ಅದರ ಲೆಕ್ಕದಿಂದ ನನ್ನ ಮನೆಯೊಂದನ್ನು ತೆಗೆದುಹಾಕಿದ್ದಾರಂತೆ. ತೆಗೆಯದೆ ಏನು ಮಾಡುತ್ತಾರೆ.