ಯುದ್ಧದ ವರ್ಷದ ನಾಟಕ

ಪಟಾಕಿಯ ಮದ್ದು ಸುಟ್ಟ ವಾಸನೆ ಬಂದರೆ ನನಗೆ ಹಬ್ಬ ನೆನಪಾಗುವುದಿಲ್ಲ. ಹೆಮ್ಮರಗಾಲದ ಶಾಲೆಯ ಜಗುಲಿ, ಅದರ ಮೇಲೆ ಅಂಗಾತ ಬಿದ್ದ ಅಪ್ಪ, ಅವನ ಎದೆಯ ಮೇಲೆ ಹರಡಿದ ಕುಂಕುಮದ ನೀರು ನೆನಪಾಗುತ್ತದೆ. ಕಾರ್ಗಿಲ್ ಯುದ್ಧದ ವರ್ಷ ಅದು. ನಾನು ಐದನೇ ಕ್ಲಾಸಿನಲ್ಲಿದ್ದೆ. ಅಪ್ಪನ ತಮ್ಮ ಮಾದೇಶ ಚಿಕ್ಕಪ್ಪ ಸೈನ್ಯ ಸೇರಿ ಆ ಬೆಟ್ಟಗಳ ಕಡೆಗೇ ಹೋಗಿದ್ದ. ಯುದ್ಧ ಮುಗಿಯಿತೆಂದು ಟೀವಿಯವರು ಹೇಳಿದರೂ ಅವನ ಸುದ್ದಿಯಿರಲಿಲ್ಲ. ಅಜ್ಜಿ ಕೂತಲ್ಲಿ ಕೂರುತ್ತಿರಲಿಲ್ಲ. ಒಲೆಯ ಮೇಲಿನ ಸಾರನ್ನು ಹಾಗೇ ಬಿಟ್ಟು ಫೋನಿನ ಬೂತಿಗೆ ಓಡುತ್ತಿದ್ದಳು.

ನಿಮಗೂ ನೆನಪಿರಬಹುದು, ಆ ವರ್ಷ ಯುದ್ಧ ನಮ್ಮ ಆಟಪಾಟಕ್ಕೆಲ್ಲ ನುಗ್ಗಿತ್ತು. ಬುಗುರಿ ಬಿಟ್ಟ ಹುಡುಗರು ಜೋಳದ ಕಡ್ಡಿಯ ಬಂದೂಕು ಹಿಡಿದು ಹುಲ್ಲಿನ ಮೆದೆ ಹತ್ತುತ್ತಿದ್ದರು. ನಂಜನಗೂಡಿನ ಮದುವೆಗಳಲ್ಲಿ ಆರ್ಕೆಸ್ಟ್ರಾದವರು ಯೋಧರ ಹಾಡು ಹಾಡುತ್ತಿದ್ದರು. ಪ್ರತಿವರ್ಷ ಪೌರಾಣಿಕ ನಾಟಕ ಆಡುತ್ತಿದ್ದ ನಮ್ಮೂರಿನವರು ಸ್ವಾತಂತ್ರ್ಯ ದಿನಕ್ಕೆ ತಾವೇ ಒಂದು ಯುದ್ಧದ ನಾಟಕ ಕಟ್ಟಿದರು. ಭೀಮನ ಪಾತ್ರಕ್ಕೆ ಹೆಸರಾಗಿದ್ದ ಅಪ್ಪನೇ ಯೋಧ. “ಅತ್ತೆ ಎದ್ರುಗೆ ಸಾಯೋ ಪಾರ್ಟು ಬ್ಯಾಡ ಕಣ್ರೀ,” ಎಂದು ಅವ್ವ ಬೇಡಿಕೊಂಡಳು. “ಸುಮ್ಕಿರು, ನಾಟ್ಕ ತಾನೆ?” ಎಂದ ಅಪ್ಪ.

ಮಧ್ಯಾಹ್ನದ ಬಿಸಿಲಲ್ಲಿ ಊರಿಗೆ ಊರೇ ಶಾಲೆಯ ಬಯಲಲ್ಲಿ ಸೇರಿತ್ತು. ಪರದೆಯ ಹಿಂದೆ ಪಟಾಕಿ ಸಿಡಿದವು. ಅಪ್ಪ ಬಾವುಟ ಹಿಡಿದು ಉದ್ದದ ಮಾತೊಂದನ್ನು ಆಡಿ ಬಿದ್ದ. ಜನ ಸಿಳ್ಳೆ ಹೊಡೆದು “ಒನ್ಸ್ ಮೋರ್” ಎಂದು ಕೂಗಿದರು. ಅಪ್ಪ ಎದ್ದು, ಧೂಳು ಕೊಡವಿಕೊಂಡು, ಮತ್ತೊಮ್ಮೆ ಸತ್ತ. ಮತ್ತೆ ಕೂಗು. ಆಗ ಹೆಂಗಸರ ಸಾಲಿನಿಂದ ಅಜ್ಜಿ ಎದ್ದಳು. ಜಗುಲಿ ಹತ್ತಿ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಎದ್ದೇಳ್ಲಾ ಮಾದೇಶ, ಎಷ್ಟ್ ಸಲ ಸಾಯ್ತೀಯ? ಮನೆಗೋಗವ,” ಎಂದಳು. ಅಪ್ಪ ಕಣ್ಣು ಬಿಟ್ಟು ಅವಳ ಮುಖವನ್ನೇ ನೋಡಿದ. ತಾನು ಮಾದೇಶನಲ್ಲ ಎನ್ನಲಿಲ್ಲ. “ಬತ್ತೀನಿ ಕಣವ್ವ,” ಎಂದ. ಅದೂ ನಾಟಕವೆಂದುಕೊಂಡ ಜನ ಚಪ್ಪಾಳೆ ತಟ್ಟಿದರು.

ದಸರೆಯ ಹೊತ್ತಿಗೆ ಚಿಕ್ಕಪ್ಪ ಬಂದ. ಅಜ್ಜಿ ಅವನ ತಲೆಯಿಂದ ಪಾದದವರೆಗೂ ಕೈಯಾಡಿಸಿ ನೋಡಿದಳು. ಬಂದೂಕು ಹಿಡಿಯುವುದು ಹೇಗೆಂದು ತೋರಿಸು ಎಂದು ಮುತ್ತಿಕೊಂಡ ಹುಡುಗರನ್ನು ಚಿಕ್ಕಪ್ಪ “ಉಂಡ್ರೇನ್ರಲಾ?” ಎಂದಷ್ಟೇ ಕೇಳಿ, ಎಮ್ಮೆ ಹೊಡೆದುಕೊಂಡು ನಾಲೆಗೆ ಹೋದ. ಸಂಜೆ ಹಿತ್ತಲಲ್ಲಿ ಅಣ್ಣತಮ್ಮ ಕೂತಿದ್ದಾಗ ಚಿಕ್ಕಪ್ಪ ಕೇಳಿದ: “ನನ್ ಪಾರ್ಟ್ ನೀನೇ ಮಾಡ್ದ್ಯಂತಲ್ಲಣ್ಣ. ಎಂಗೆ ಸತ್ತೆ?”

“ಸರ್ಯಾಗಿ ಬರ್ನಿಲ್ಲ ಕಣ್ಲಾ.”

ಇಬ್ಬರೂ ಜೋರಾಗಿ ನಕ್ಕರು. ನಗು ತಟ್ಟನೆ ನಿಂತಿತು. ಚಿಕ್ಕಪ್ಪ ಅಪ್ಪನ ಹೆಗಲಿಗೆ ಹಣೆಯಿಟ್ಟ. ಅಪ್ಪ ಕದಲದೆ ಕೂತ. ಅಜ್ಜಿ, ಅಪ್ಪ, ಚಿಕ್ಕಪ್ಪ ಮೂವರೂ ಈಗಿಲ್ಲ. ಆ ಬೆಟ್ಟದ ಮೇಲೆ ಚಿಕ್ಕಪ್ಪ ಏನು ಕಂಡಿದ್ದನೋ, ನಮ್ಮಲ್ಲಿ ಯಾರೂ ಕೇಳಲಿಲ್ಲ.