ಹಂದರದ ಕೆಳಗಿನ ಸಾಗವಾನಿ

ನಾನು ಶಾಲೆ ಬಿಟ್ಟದ್ದು ಎರಡು ಸಾವಿರದ ನಾಲ್ಕರಲ್ಲಿ, ಏಳನೇ ಇಯತ್ತೆ ಪಾಸಾದ ಮೇಲೆ. ಆಗ ನಮ್ಮ ಹಳ್ಳಿಯವರು ಮುಂದೆ ಓದಬೇಕೆಂದರೆ ಹಳಿಯಾಳದಲ್ಲಿ ಉಳಿಯಬೇಕಿತ್ತು. ಉಳಿಯಲು ಕೈಯಲ್ಲಿ ಏನಾದರೂ ಇರಬೇಕಿತ್ತು. ಆ ಬೇಸಿಗೆಯಲ್ಲಿ ಕಬ್ಬಿನ ಗದ್ದೆಯವರೊಬ್ಬರು ಬದುವಿಗೆ ಹಚ್ಚಲು ಸಾಗವಾನಿ ಸಸಿ ಬೇಕೆಂದು ಅವ್ವನಿಗೆ ಹೇಳಿದ್ದರು.

"ಸಸಿ ಮಾರಿ ಹೋಗ್ಲಿ ಬಸ್ತ್ಯಾ, ಜೂನಿನಾಗ ಸಾಲ್ಯಾಗ ನಿನ್ನ ಹೆಸರ ಹಚ್ಚಿ ಬರೂಣು," ಅಂದಳು ಅವ್ವ.

ಬೀಜ ಆರಿಸುವುದು ನನ್ನ ಕೆಲಸ. ಒಣಗಿದ ಕಾಯಿಯ, ಗಾಳಿ ತುಂಬಿದ ಬುಗ್ಗೆಯಂಥ ಸಿಪ್ಪೆಯನ್ನು ಹಣೆಗೆ ಬಡಿದು ಟಪ್ ಅನಿಸುವುದು ಆಟ. ಎಳೆ ಎಲೆ ತಿಕ್ಕಿ ಅಂಗೈ ಕೆಂಪು ಮಾಡಿಕೊಳ್ಳುವುದು ಇನ್ನೊಂದು. ಗಟ್ಟಿ ಬೀಜ ಮೊಳೆಯಲೆಂದು ಗೋಣಿಚೀಲ ರಾತ್ರಿ ಹಳ್ಳದ ನೀರಲ್ಲಿ, ಹಗಲು ಬಿಸಿಲಲ್ಲಿ. ಹಸಿ ಗೋಣಿಯ ನಾತ ನಾನುಣ್ಣುವ ಗಂಜಿಗೂ ಒಣಮೀನಿಗೂ ಹತ್ತಿಕೊಂಡಿತ್ತು. ಹೊತ್ತು ಹೊತ್ತು ಬೆನ್ನು ನೋಯುತ್ತಿತ್ತು, ಹೇಳಿರಲಿಲ್ಲ.

ಹಿತ್ತಲ ಮಡಿಗೆ ಬೀಜ ಹಾಕಿದ ದಿನ, ಬಿಸಿಲು ನೋಡಿ ಅವ್ವನಿಗೆ ಜೀವ ತಡೆಯಲಿಲ್ಲ. ಮೆಣಸಿನ ಸಸಿಗೆ ಮಾಡುವಂತೆ ಮೇಲೆ ಸೊಪ್ಪಿನ ದಟ್ಟ ಹಂದರ ಹಾಕಿದಳು. ಎಮ್ಮೆ ಹೊಡೆದುಕೊಂಡು ಬಂದ ಅವ್ವನ ಅಣ್ಣ, ಸಾಂತಾನ ಮಾಮಾ, ನಿಂತು ನಕ್ಕ.

"ಏನ ತಂಗಿ, ಬೀಜದ ಮದುವಿ ಐತೇನ? ಇಷ್ಟ ದೊಡ್ಡ ಹಂದರ! ಅಡವ್ಯಾಗ ಬೆಂಕಿ ಬಿದ್ದಲ್ಲೇ ಹುಟ್ಟತೈತಿ ಇದು."

"ಸುಟ್ಟ ಹೋಗ್ತಾವ ಅಣ್ಣಾ. ನಿನ್ನ ತಲಿ ಮ್ಯಾಲ ಟಾವೆಲ್ ಯಾಕ ಐತಿ ಮತ್ತ?"

"ನಾ ಏನ ಮೊಳಿಯೂದೈತಿ?" ಅಂದು ಎಮ್ಮೆಗಳ ಹಿಂದೆ ಹೋದ.

ದಿನಾ ಬೆಳಿಗ್ಗೆ ಹಂದರದೊಳಗೆ ತೂರಿ ಮಣ್ಣಿಗೆ ಮೂಗು ಹಚ್ಚಿ ನೋಡುತ್ತಿದ್ದೆ. ತಂಪು, ಬೂಸಲಿನ ವಾಸನೆ. ಹಸಿರು ಒಂದೂ ಇಲ್ಲ. ಮಳೆ ಹಿಡಿಯಿತು. ಗದ್ದೆಯವರು ಬೇರೆ ಕಡೆಯಿಂದ ಸಸಿ ತಂದರು. ಶಾಲೆ ಶುರುವಾಯಿತು. ನಾನು ದಾಂಡೇಲಿಯ ಗ್ಯಾರೇಜೊಂದರಲ್ಲಿ ಪಾನಾ ಹಿಡಿದು ನಟ್ಟು ಬಿಚ್ಚತೊಡಗಿದೆ. ಹಂದರದ ಕೋಲುಗಳನ್ನು ಅವ್ವ ಒಲೆಗೆ ಹಾಕಿದಳು. ಮಡಿಯನ್ನು ಹಾಗೇ ಬಿಟ್ಟಳು.

ಬರಿ ಮಡಿ ಮರುವರ್ಷದ ಬೇಸಿಗೆಯೆಲ್ಲ ಬಿಸಿಲಲ್ಲಿ ಕಾಯಿತು. ಮೊದಲ ಮಳೆಯಾದ ಮೇಲೆ ಊರಿಗೆ ಹೋದರೆ ಅವ್ವ ಕೈಹಿಡಿದು ಹಿತ್ತಲಿಗೆ ಎಳೆದೊಯ್ದಳು. ಮಡಿ ತುಂಬ ಮೊಳಕೆ! ಬೀಜ ಸತ್ತಿರಲಿಲ್ಲ, ಬಿಸಿಲಿಗೆ, ಬೆಳಕಿಗೆ ಕಾದು ಕೂತಿದ್ದವು.

"ಕೊಳ್ಳವ್ರು ಬ್ಯಾರೆ ಸಿಗ್ತಾರ. ಈ ಸಲ ಸಾಲಿಗೆ ಹೋಗ ಮಗಾ."

"ಸಣ್ಣ ಹುಡುಗೂರ ಜೋಡಿ ಬೆಂಚಿನ ಮ್ಯಾಲ ನಾ ಕೂಡಂಗಿಲ್ಲ ಬಿಡವ್ವಾ."

ಕೈಯ ಗ್ರೀಸು ಇನ್ನೂ ಹೋಗಿರಲಿಲ್ಲ. ಅವ್ವ ಬಗ್ಗಿ ಒಂದು ಮೊಳಕೆಯ ಮೇಲಿನ ಕಸ ತೆಗೆದಳು.

ಆ ಹಳ್ಳ ಈಗ ಬೇಸಿಗೆಗೆ ಮೊದಲೇ ಬತ್ತುತ್ತದೆ. ಸಾಂತಾನ ಮಾಮಾ ಇಲ್ಲ, ಅವ್ವನೂ ಇಲ್ಲ. ದುಡಿದು ದಣಿದಿದ್ದೇನೆ, ಯಾರ ಮುಂದೂ ಕೈ ಚಾಚಿಲ್ಲ. ನನ್ನದೆಂದು ಇರುವುದು ಗ್ಯಾರೇಜು ಒಂದು, ಹೆಣ್ಣುಮಕ್ಕಳು ಇಬ್ಬರು, ಹಿತ್ತಲಲ್ಲಿ ಆ ಮಡಿಯ ಸಾಗವಾನಿ ಹನ್ನೊಂದು. ಓದು, ಏಳನೇ ಇಯತ್ತೆ.